ಕೆಳಗಿನ ಹಾಳೆಯಲ್ಲಿದ್ದ ಕೈಗಳು

ಅಪ್ಪ ತೀರಿಕೊಂಡ ಮೇಲೆ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿದ್ದ ಫ್ಲ್ಯಾಟು ಖಾಲಿ ಮಾಡುವಾಗ ನಾನೂ ನನ್ನ ತಮ್ಮನೂ ಒಂದು ಸಿನಿಮಾ ಪೋಸ್ಟರನ್ನು ಪಾಲು ಮಾಡಿಕೊಂಡೆವು. ಮೇಲಿನ ಅರ್ಧ ನನಗೆ, ಕೆಳಗಿನ ಅರ್ಧ ಅವನಿಗೆ. ಹರಿದು ಹಂಚಿಕೊಂಡೆವೆಂದು ತಿಳಿಯಬೇಡಿ, ಅಷ್ಟು ಕೆಟ್ಟವರಲ್ಲ. ಅದು ಬಂದದ್ದೇ ಎರಡು ಹಾಳೆಯಾಗಿ. ಆ ಕಾಲದ ಇಟಲಿಯಲ್ಲಿ ದೊಡ್ಡ ಪೋಸ್ಟರುಗಳನ್ನು ಹಾಗೇ ಎರಡು ಭಾಗವಾಗಿ ಅಚ್ಚು ಹಾಕುತ್ತಿದ್ದರಂತೆ. ಗೋಡೆಗೆ ಅಂಟಿಸುವವನು ಬಕೆಟ್ಟು ಬ್ರಷ್ಷು ಹಿಡಿದು ಬಂದು, ಒಂದರ ಅಂಚಿನ ಮೇಲೆ ಇನ್ನೊಂದರ ಅಂಚನ್ನು ಕೂರಿಸಿ, ಆಳೆತ್ತರದ ನಾಯಕಿಯನ್ನು ಬೀದಿಯಲ್ಲಿ ನಿಲ್ಲಿಸಿ ಹೋಗುತ್ತಿದ್ದ. ನಮ್ಮ ಮನೆಗೆ ಬಂದವು ಅಂಟು ಕಾಣದ ಹಾಳೆಗಳು, ಮಡಿಕೆ ಮಡಿಕೆಯಾಗಿ ಟ್ರಂಕಿನ ತಳದಲ್ಲಿ ಮಲಗಿದ್ದವು. ಎರಡು ಹಾಳೆ, ಇಬ್ಬರು ಮಕ್ಕಳು, ಇನ್ನೇನು ಬೇಕು ಅಂದುಕೊಂಡೆವು. ಅಮ್ಮ ಅಲ್ಲೇ ದಿವಾನದ ಮೇಲೆ ಕೂತಿದ್ದಳು. ನಮ್ಮಿಬ್ಬರ ಕೈಯಲ್ಲಿದ್ದ ಹಾಳೆಗಳನ್ನೇ ನೋಡುತ್ತಿದ್ದಳು.

ನನ್ನ ಪಾಲಿನ ಹಾಳೆಯಲ್ಲಿ ಒಬ್ಬ ಬಿಳಿ ಹೆಂಗಸಿನ ಮುಖವಿತ್ತು. ಯಾರೋ ಹಿಂದೆ ಬರುತ್ತಿದ್ದಾರೆಂದು ಹೆದರಿ ಅರ್ಧ ತಿರುಗಿದ ಮುಖ, ಗಾಳಿಗೆ ಕೆದರಿದ ಕೂದಲು, ಬರಿಯ ಭುಜ, ಹಿಂದೆ ಕಿತ್ತಳೆ ಬಣ್ಣದ ಆಕಾಶ. ಹತ್ತಿರ ಹಿಡಿದರೆ ಬರೀ ಬ್ರಷ್ಷಿನ ಎಳೆತಗಳು. ಗಲ್ಲದ ಮೇಲೆ ಹಸಿರು, ಮೂಗಿನ ಪಕ್ಕ ನೀಲಿ, ಇದೆಂಥ ಮುಖ ಅನ್ನಿಸುತ್ತದೆ. ಕೋಣೆಯ ಆ ಕೊನೆಗೆ ಹೋಗಿ ನಿಂತರೆ ಅವಳು ಉಸಿರಾಡುತ್ತಾಳೆ. ರಸ್ತೆಯ ಆಚೆಯಿಂದ ನೋಡುವವರಿಗಾಗಿ ಬರೆದದ್ದು ಅದು. ತಮ್ಮ ತನ್ನ ಹಾಳೆಯ ಮಡಿಕೆಯನ್ನೂ ಬಿಚ್ಚದೆ ಸೂರತ್ತಿಗೆ ಒಯ್ದ. ಅಲ್ಲಿಯ ಅಡಾಜಣ್ ಬಡಾವಣೆಯ ಹೊಸ ಫ್ಲ್ಯಾಟಿನ ಹಾಲಿಗೆ ಫಾರಿನ್ ಆಂಟಿಕ್ ಒಂದು ಸಿಕ್ಕಿತು ಅಂತ ಅವನಿಗೆ ಖುಷಿ.

ಅಮ್ಮ ನನ್ನ ಜೊತೆ ವಡೋದರಾಕ್ಕೆ ಬಂದಳು. ಹಬ್ಬಕ್ಕೆಲ್ಲ ತಮ್ಮನೇ ಬರುತ್ತಿದ್ದ, ನಾವು ಅವನ ಹೊಸ ಫ್ಲ್ಯಾಟಿಗೆ ಹೋದದ್ದೇ ಇಲ್ಲ. ನಾನು ವಿಮಾ ಕಚೇರಿಯಲ್ಲಿ ಕೆಲಸ ಮಾಡುವವಳು, ಬೆಳಗ್ಗೆ ಹೋದರೆ ಸಂಜೆ ಬರುವವಳು. ಅವಳ ಕಣ್ಣು ಹಾಳಾಗುತ್ತಿರುವುದು ನನಗೆ ಗೊತ್ತಾಗಲೇ ಇಲ್ಲ, ಯಾಕೆಂದರೆ ಅವಳಿಗೂ ಗೊತ್ತಾಗಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ತಾಕಿದರೆ ‘ವಯಸ್ಸಾಯ್ತು’ ಅನ್ನುತ್ತಿದ್ದಳು. ಪಕ್ಕದಲ್ಲಿಟ್ಟ ಕಾಫಿ ಲೋಟಕ್ಕೆ ಕೈ ತಗುಲಿ ಚೆಲ್ಲಿದರೆ ‘ನೀನು ಎಲ್ಲೆಲ್ಲೋ ಇಡ್ತೀಯ’ ಅಂತ ನನಗೇ ಬೈಯುತ್ತಿದ್ದಳು. ಕೊನೆಗೆ ಕಣ್ಣಿನ ಡಾಕ್ಟರು ಒಂದು ಕಾಗದದ ಮೇಲೆ ದೊಡ್ಡ ವೃತ್ತ ಬರೆದು, ಅದರ ನಡುವೆ ಬಟ್ಟೆಗುಂಡಿಯಷ್ಟು ಚಿಕ್ಕ ವೃತ್ತ ಬರೆದು, ಅಮ್ಮನ ಕಡೆ ತೋರಿಸಿ ‘ಮಾ-ಜಿಗೆ ಈಗ ಇಷ್ಟು ಮಾತ್ರ ಕಾಣುತ್ತದೆ’ ಎಂದರು. ಕಣ್ಣಿನ ಒಳಗಿನ ಒತ್ತಡ ಅಂಚಿನಿಂದ ತಿನ್ನುತ್ತ ಬಂದಿದೆ. ಹೋದದ್ದು ವಾಪಸು ಬರುವುದಿಲ್ಲ. ಉಳಿದದ್ದು ಎಷ್ಟು ದಿನ? ಅದಕ್ಕೆ ಅವರು ‘ಹನಿ ಹಾಕುತ್ತಿರಿ’ ಅಂದರು. ಡಾಕ್ಟರು ಉತ್ತರ ಕೊಡದೆ ಔಷಧಿಯ ಮಾತು ತೆಗೆದರೆ ಏನರ್ಥ ಎಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಆಟೋದಲ್ಲಿ ಮನೆಗೆ ಬಂದೆವು. ಅಮ್ಮ ಚಪ್ಪಲಿ ಬಿಟ್ಟವಳೇ, “ಆ ಪೋಸ್ಟರು ಎರಡೂ ಸೇರಿಸಿ ಒಂದು ಸಲ ನೋಡ್ಬೇಕು ಕಣೇ” ಅಂದಳು.

“ಯಾವ ಪೋಸ್ಟರು?”

“ನಿಮ್ಮಪ್ಪನ ಟ್ರಂಕಲ್ಲಿತ್ತಲ್ಲ. ಅದರ ಕೆಳಗಿನ ಹಾಳೇಲಿ ನನ್ನ ಕೈ ಇದೆ.”

ಇಷ್ಟು ವರ್ಷ ಅಮ್ಮ ಒಮ್ಮೆಯೂ ಹೇಳಿರಲಿಲ್ಲ.

ಅಪ್ಪ ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಇದ್ದವರು. ಮದುವೆಯಾದ ಹೊಸದರಲ್ಲಿ ಅವರನ್ನು ತರಬೇತಿಗೆಂದು ರೋಮ್‌ಗೆ ಕಳಿಸಿದ್ದರು, ಅಮ್ಮನೂ ಹೋಗಿದ್ದಳು. ಇಷ್ಟು ನಮಗೆ ಗೊತ್ತಿತ್ತು. ಅವರಿದ್ದ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ಸಿನಿಮಾ ಪೋಸ್ಟರು ಬರೆಯುವವನಿದ್ದ ಎಂಬುದು ಗೊತ್ತಿರಲಿಲ್ಲ. ಅಮ್ಮ ಹೇಳಿದ ಪ್ರಕಾರ ಅವನಿಗೆ ಯಾವಾಗಲೂ ಗಡಿಬಿಡಿ. ಸಿನಿಮಾದವರು ನಾಲ್ಕು ಕಪ್ಪು ಬಿಳುಪು ಫೋಟೋ ಕೊಟ್ಟು, ಕಥೆಯನ್ನು ನಿಂತ ಕಾಲಲ್ಲಿ ಹೇಳಿ, ವಾರದೊಳಗೆ ಚಿತ್ರ ಕೇಳುತ್ತಿದ್ದರು. ಸಿನಿಮಾ ಇನ್ನೂ ಮುಗಿದೇ ಇರುತ್ತಿರಲಿಲ್ಲ, ಅವನು ನೋಡುವುದೆಲ್ಲಿ? ಮುಖವನ್ನು ಫೋಟೋ ನೋಡಿ ಬರೆಯುತ್ತಿದ್ದ. ಉಳಿದ ಮೈಗೆ ಮನೆಯವರೇ ಗತಿ. ಊರಿನ ನಾಯಕಿಯರಿಗೆಲ್ಲ ಅವನ ಹೆಂಡತಿಯ ಭುಜ. ಖಳನಾಯಕರಿಗೆ ಅವನದೇ ಹುಬ್ಬು, ಕನ್ನಡಿ ಮುಂದೆ ನಿಂತು ಗಂಟಿಕ್ಕಿಕೊಂಡು ಬರೆಯುತ್ತಿದ್ದನಂತೆ. ಇಷ್ಟು ಮಾಡಿದರೂ ಅವನ ಹೆಸರು ಮೂಲೆಯಲ್ಲಿ ಇರುವೆಯಷ್ಟು. ಪೋಸ್ಟರು ಗೋಡೆಗೇರಿದ ಮೇಲೆ ಆ ಹೆಸರಿನ ಮೇಲೆಯೇ ಜಾಹೀರಾತು ತೆರಿಗೆಯ ಚೀಟಿ ಅಂಟಿಸಿ ಹೋಗುತ್ತಿದ್ದರಂತೆ. ಸಿನಿಮಾ ಹೋಯಿತೆಂದರೆ ಅದರ ಮೇಲೆ ಇನ್ನೊಂದು ಪೋಸ್ಟರು.

ಈ ಸಿನಿಮಾಕ್ಕೆ ಹೆದರಿದ ಹೆಂಗಸು ಎದೆಯ ಹತ್ತಿರ ಶಾಲನ್ನು ಬಿಗಿಯಾಗಿ ಹಿಡಿದಿರಬೇಕಿತ್ತು. ಕೊಟ್ಟ ಫೋಟೋಗಳಲ್ಲೆಲ್ಲ ನಟಿ ಕೋಟಿನ ಜೇಬಿನಲ್ಲಿ ಕೈ ಇಟ್ಟುಕೊಂಡಿದ್ದಳು. ಅಮ್ಮ ಅಂಗಳದಲ್ಲಿ ಸೀರೆ ಹಿಂಡುತ್ತಿದ್ದಾಗ ಅವನು ಕಿಟಕಿಯಿಂದ ನೋಡಿ ಓಡಿ ಬಂದನಂತೆ, ಆ ಕೈಯೇ ಬೇಕು ಅಂತ. ಅಪ್ಪ ಆಗುವುದಿಲ್ಲ ಅಂದರು. ಅವನ ಹೆಂಡತಿ ಬಂದು ಅಂಗಲಾಚಿದ ಮೇಲೆ, ಬರೀ ಕೈ ತಾನೇ ಅಂತ ಒಪ್ಪಿದರು. ಬಳೆ ತೆಗೆಯಲು ಅಮ್ಮ ಒಪ್ಪಲಿಲ್ಲ. ಹೊಸದಾಗಿ ಮದುವೆಯಾದವಳು, ಗಾಜಿನ ಬಳೆ ತೆಗೆದು ಬರಿಗೈಯಲ್ಲಿ ಕೂರುವುದೇ? ಕೊನೆಗೆ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಕರ್ಚೀಫು ಸುತ್ತಿ, ಅವರ ಅಡುಗೆಮನೆಯ ಪರದೆಯನ್ನು ಶಾಲಿನಂತೆ ಹಿಡಿದು ಕೂತಳು.

“ಅವನು ಬಣ್ಣ ಕಲಸಿದ” ಅಂದಳು ಅಮ್ಮ. “ಕಂದು, ಕೆಂಪು, ಒಂಚೂರು ಹಳದಿ. ಕಲಸಿ ಬ್ರಷ್ಷು ತಂದು ನನ್ನ ಕೈ ಪಕ್ಕ ಹಿಡಿದ. ಸರಿ ಬರಲಿಲ್ಲ. ಮತ್ತೆ ಕಲಸಿದ. ಸರಿ ಹೋಯ್ತು. ನನ್ನ ಮುಖ ನೋಡಿ ತಲೆ ಆಡಿಸಿದ. ನಿನ್ನ ಬಣ್ಣಾನೇ ಹಾಕ್ತೀನಿ ಅಂತ.”

ಅಮ್ಮ ಕಪ್ಪು. ನಮ್ಮ ಮನೆಗಳಲ್ಲಿ ಇದನ್ನು ಹೇಳುವ ರೀತಿಗಳು ನಿಮಗೆ ಗೊತ್ತಿರುತ್ತವೆ. ಮೈಸೂರಿನ ನಮ್ಮ ಅಜ್ಜಿ, ಅಪ್ಪನ ತಾಯಿ, ಬಂದವರಿಗೆಲ್ಲ ‘ಸೊಸೆ ಲಕ್ಷಣವಾಗಿದಾಳೆ, ಬಣ್ಣ ಒಂದು ಬಿಟ್ಟು’ ಅನ್ನುತ್ತಿದ್ದರು. ಕಡಲೆಹಿಟ್ಟು, ಹಾಲಿನ ಕೆನೆ, ಕಿತ್ತಳೆ ಸಿಪ್ಪೆ, ಎಲ್ಲ ಪ್ರಯೋಗವೂ ಅವಳ ಮೇಲೆ ನಡೆದಿತ್ತು. ಆ ಕೋಣೆಯಲ್ಲಿ ಮೊದಲ ಸಲ ಒಬ್ಬ ಮನುಷ್ಯ ಅವಳ ಬಣ್ಣವನ್ನು ತಿದ್ದುವುದಕ್ಕಲ್ಲ, ಹಿಡಿಯುವುದಕ್ಕೆ ಹೆಣಗಾಡಿದ್ದ.

ಪೋಸ್ಟರು ಅಚ್ಚಾಗುವ ಹೊತ್ತಿಗೆ ಅವರು ಅಹಮದಾಬಾದಿಗೆ ವಾಪಸು ಬಂದಿದ್ದರು. ಅಂಚೆಯಲ್ಲಿ ಕಟ್ಟು ಬಂತು. ಅಪ್ಪ ಮೇಲಿನ ಹಾಳೆ ಬಿಚ್ಚಿ, ಬರಿಯ ಭುಜ ನೋಡಿ, ‘ಇಂಥ ಸಿನಿಮಾಕ್ಕೆ ನನ್ನ ಹೆಂಡ್ತಿ ಕೈ ಕೊಟ್ಟಿದಾಳೆ ಅಂತ ಕಾಲೋನಿಗೆಲ್ಲ ಡಂಗುರ ಹೊಡಿಬೇಕಾ’ ಅಂತ ಕೆಳಗಿನದನ್ನು ಬಿಚ್ಚದೆಯೇ ಎರಡನ್ನೂ ಟ್ರಂಕಿಗೆ ಹಾಕಿದರು. ಅಮ್ಮ ‘ನನ್ನ ಬಣ್ಣಾನೇ ಹಾಕಿರ್ತಾನೆ’ ಅಂದಾಗ ನಕ್ಕರಂತೆ. “ಬೆಳ್ಳಗಿನ ಮುಖಕ್ಕೆ ಕಪ್ಪು ಕೈ ಯಾವನಾದ್ರೂ ಹಚ್ತಾನೇನೆ? ಆಮೇಲೆ ಬಿಳಿ ಬಳ್ದಿರ್ತಾನೆ ಬಿಡು.” ಆಗ ಹುಟ್ಟಿದ ಈ ವಾದ ಅಪ್ಪ ಸಾಯುವ ತನಕ ಅವರಿಬ್ಬರ ನಡುವೆ ಇತ್ತಂತೆ, ನಮ್ಮ ಕಿವಿಗೆ ಬೀಳದ ಹಾಗೆ.

“ಟ್ರಂಕು ಮನೇಲೇ ಇತ್ತಲ್ಲಮ್ಮ. ಅಪ್ಪ ಆಫೀಸಿಗೆ ಹೋದಾಗ ತೆಗೆದು ನೋಡೋಕೆ ಏನಾಗಿತ್ತು ನಿನಗೆ?”

“ತೆಗೆದು ನೋಡಿ, ಅವರು ಹೇಳಿದ್ದೇ ನಿಜ ಆಗಿದ್ದಿದ್ರೆ?” ಅಂದಳು ಅಮ್ಮ. “ಈಗ ನೋಡ್ಲೇಬೇಕು. ಇನ್ಮೇಲೆ ಆಗಲ್ವಲ್ಲ.”

ಅಲ್ಲಿಂದ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ತಮ್ಮನಿಗೆ ಫೋನು ಮಾಡಿ, ಹಾಳೆಯಲ್ಲಿರುವ ಕೈಗಳ ಬಣ್ಣ ಏನು ಹೇಳು ಅಂದೆ. ಅವನ ಕನ್ನಡ ಅಹಮದಾಬಾದಿನ ಶಾಲೆಯಲ್ಲಿ ಅರ್ಧ ಕಳೆದುಹೋದದ್ದು. “ಕೈ? ಅದ್ರಲ್ಲಿ ಕೈ ಇದ್ಯಾ ಅಕ್ಕ? ಏಕ್ ಮಿನಿಟ್” ಅಂದ. ತನ್ನ ಹಾಲಿನಲ್ಲಿ ವರ್ಷಗಟ್ಟಲೆ ತೂಗುಹಾಕಿದ್ದನ್ನು ಆಗ ಹೋಗಿ ನೋಡಿದ. ವಿಡಿಯೋ ಕಾಲಿನಲ್ಲಿ ನನಗೆ ಕಂಡದ್ದು ಗಾಜು, ಗಾಜಿನಲ್ಲಿ ಅವನದೇ ಬನಿಯನ್ನು, ಹಿಂದೆ ಏನೋ ಮಸುಕು. ಗಾಜು ತೆಗೆದು ತೋರಿಸು ಅಂದೆ. ಅವನು ಫ್ರೇಮಿನ ಹಿಂಬದಿ ಬಿಚ್ಚಿ, ಮೂಲೆ ಹಿಡಿದು ಎತ್ತಿದ. ಪರ್ ಅಂತ ಸದ್ದಾಯಿತು. ನಾನು ಇಲ್ಲಿಂದಲೇ ಕಿರುಚಿದೆ, “ಬಿಡೋ! ಮುಟ್ಟಬೇಡ ಅದನ್ನ!” ಫ್ರೇಮು ಹಾಕಿದವನು ನಡುವೆ ಜಾಗ ಬಿಡದೆ ಕಾಗದವನ್ನು ನೇರ ಗಾಜಿಗೆ ಒತ್ತಿದ್ದ. ತಾಪಿ ನದಿಯ ಕಡೆಯ ತೇವಕ್ಕೆ ಮಸಿ ಮೆತ್ತಗಾಗಿ ಗಾಜಿಗೇ ಅಂಟಿಕೊಂಡಿತ್ತು. ಇನ್ನು ಅದನ್ನು ಬಿಡಿಸುವಂತಿಲ್ಲ. ಅಷ್ಟು ಅಗಲದ ಗಾಜನ್ನು ವಡೋದರಾಕ್ಕೆ ತರುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಅಮ್ಮನನ್ನೇ ಕರೆದುಕೊಂಡು ಹೋಗುವುದು ಅಂತಾಯಿತು. ಟಿಕೆಟ್ಟು, ರಜೆ, ಕಣ್ಣಿನ ಹನಿ, ಅಷ್ಟರಲ್ಲೇ ದಿನಗಳು ಹೋದವು, ನಾನು ದಿನವೂ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಅಮ್ಮನ ಮುಂದೆ ನಿಂತು “ಕಾಣ್ತೀನಾ?” ಅಂತ ಕೇಳುತ್ತಿದ್ದೆ. “ಮೂಗು ಕಾಣತ್ತೆ. ಬಾಯಿ ಕಾಣತ್ತೆ. ಎರಡೂ ಒಟ್ಟಿಗೆ ಬೇಕಂದ್ರೆ ಸ್ವಲ್ಪ ಹಿಂದೆ ಹೋಗು” ಅನ್ನುತ್ತಿದ್ದಳು. ಹಿಂದೆ ಹೋಗುತ್ತಿದ್ದೆ. ಪ್ರತಿದಿನ ಇನ್ನೂ ಸ್ವಲ್ಪ ಹಿಂದೆ ಹೋಗಬೇಕಾಗುತ್ತಿತ್ತು.

ಬೆಳಗಿನ ರೈಲಿನಲ್ಲಿ ಹೊರಟೆವು. ಮೇಲಿನ ಹಾಳೆಯನ್ನು ಸುರುಳಿ ಸುತ್ತಿ, ಪ್ಲಾಸ್ಟಿಕ್ ಪೈಪಿನಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎದುರು ಸೀಟಿನವರು ಬಂದೂಕೋ ಅಂತ ನೋಡುತ್ತಿದ್ದರು. ಅಮ್ಮ ಕಿಟಕಿಯ ಬೆಳಕಿಗೆ ತನ್ನ ಕೈ ಹಿಡಿದು, ಕಣ್ಣಿನ ಹತ್ತಿರ ತಂದು, ಒಂದೊಂದೇ ಬೆರಳು ನೋಡಿಕೊಳ್ಳುತ್ತಿದ್ದಳು. “ಈಗ ನೋಡಿದ್ರೆ ಯಾರು ನಂಬ್ತಾರೆ” ಅಂದಳು. ಅವಳು ಹೆದರಿದ್ದಳು. ನಾನೂ ಹೆದರಿದ್ದೆ. ಅಲ್ಲಿ ಬಿಳಿ ಕೈಗಳಿದ್ದರೆ? ಕಣ್ಣು ಹೋಗುವ ಮೊದಲು ಅವಳಿಗೆ ನಾನು ತೋರಿಸುವ ಕೊನೆಯ ವಸ್ತು ಅದೇ ಆಗಿಬಿಟ್ಟರೆ? ಸೂರತ್ತು ಬರುವುದೇ ಬೇಡ ಅನ್ನಿಸಿತು, ಬೇಗ ಬರಲಿ ಅಂತಲೂ ಅನ್ನಿಸಿತು.

ತಮ್ಮನ ಮನೆಯ ಹಾಲಿಗೆ ಕಾಲಿಟ್ಟವಳು ನೇರ ಪೋಸ್ಟರಿನ ಮುಂದೆ ಹೋದೆ. ಎದುರಿಗೇ ಪಶ್ಚಿಮದ ಬಾಲ್ಕನಿ. ಅಷ್ಟು ವರ್ಷದ ಸಂಜೆ ಬಿಸಿಲು ದಿನವೂ ಬಂದು ಅದರ ಮೇಲೆ ಬಿದ್ದಿದೆ. ಕೆಂಪು, ಹಳದಿ ಎಲ್ಲ ಹೋಗಿ, ಉಳಿದದ್ದು ತೆಳು ನೀಲಿ ಮತ್ತು ಬೂದಿ. ಕೈಗಳಿದ್ದವು, ಶಾಲನ್ನು ಬಿಗಿಯಾಗಿ ಹಿಡಿದ ಸುಂದರವಾದ ಎರಡು ಕೈ. ಅವು ಕಪ್ಪೂ ಅಲ್ಲ, ಬಿಳಿಯೂ ಅಲ್ಲ. ನೆನೆದ ಕಾಗದದ ಬಣ್ಣ.

ತಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ. “ತೂಗುಹಾಕಿದಾಗ ಯಾವ ಬಣ್ಣ ಇತ್ತೋ?”

“ನೆನಪಿಲ್ಲ ಅಕ್ಕ.”

“ನೆನಪು ಮಾಡ್ಕೋ! ಕಪ್ಪಿತ್ತಾ ಬಿಳಿ ಇತ್ತಾ?”

“ಸಚ್ ಮೇ ನೆನಪಿಲ್ಲ. ಕೆಂಪು ಕೆಂಪಾಗಿತ್ತು ಎಲ್ಲ. ಕೈ ಅಂತ ನೋಡ್ಲೇ ಇಲ್ಲ ನಾನು. ಅಮ್ಮಂದು ಅಂತ ಯಾರಾದ್ರೂ ಹೇಳಿದ್ರಾ ನಂಗೆ?” ಅವನ ಧ್ವನಿ ಒಡೆಯಿತು. ಬೈಯಬೇಕೆಂದಿದ್ದ ಬಾಯಿ ಮುಚ್ಚಿಕೊಂಡೆ.

ಅವನ ಹೆಂಡತಿ ಸೂರತ್ತಿನವಳು, ಚುರುಕು ಹೆಣ್ಣು. ಹಳೆಯ ಫೋನುಗಳನ್ನೆಲ್ಲ ತೆಗೆದು, ಹಾಲಿನಲ್ಲಿ ತೆಗೆದ ಫೋಟೋಗಳನ್ನು ಹುಡುಕಿದಳು. ಹೊಸತರಲ್ಲಿ ಮಾಡಿದ ಯಾರದೋ ಹುಟ್ಟುಹಬ್ಬದ ಫೋಟೋ ಸಿಕ್ಕಿತು. ಹಿಂದೆ ಗೋಡೆಯ ಮೇಲೆ ಪೋಸ್ಟರು, ಬಣ್ಣ ಇನ್ನೂ ಗಟ್ಟಿಯಾಗಿದೆ. ಸರಿಯಾಗಿ ಕೈಗಳಿರುವಲ್ಲಿ ಬಲೂನುಗಳ ಗೊಂಚಲು ಕಟ್ಟಿದ್ದಾರೆ. ನನಗೆ ನಗು ಬಂತು, ನಗುತ್ತ ನಗುತ್ತ ಅಳು ಬಂತು. ಆ ಬಣ್ಣ ಕಲಸಿದವನು ಈಗ ಬದುಕಿರಲಾರ. ಅವನ ಮೂಲ ಚಿತ್ರ ಯಾವ ಕಸದ ಬುಟ್ಟಿಗೆ ಹೋಯಿತೋ. ಗೋಡೆಗಳ ಮೇಲಿದ್ದವು ಎಂದೋ ಹೋದವು. ಲೋಕದಲ್ಲಿ ಇನ್ನು ಯಾರನ್ನು ಕೇಳುವುದು?

ಹಾಲಿನಲ್ಲಿ ಅಮ್ಮ ಗಾಜಿನ ಮುಂದೆ ನಿಂತು, ತಲೆಯನ್ನು ಆಚೆ ಈಚೆ ಆಡಿಸುತ್ತ ಹುಡುಕುತ್ತಿದ್ದಳು. “ಇದೇನೇ, ಬೆರಳೋ ಶಾಲಿನ ನಿರಿಗೆಯೋ? ಒಂದೊಂದು ಚೂರು ಕಾಣತ್ತೆ ಅಷ್ಟೆ. ದೂರ ಹೋಗ್ಬೇಕು.” ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಹೋದಳು. ಸಾಲಲಿಲ್ಲ. “ಮುಖಾನೂ ಕೈಯೂ ಒಟ್ಟಿಗೆ ಕಾಣ್ಬೇಕು. ಪಕ್ಕದಲ್ಲಿ ಮುಖ ಇದ್ರೇನೇ ಕೈ ಬಣ್ಣ ಗೊತ್ತಾಗೋದು.”

ಅವಳಿಗೆ ಹೇಳಿಬಿಡಬೇಕು ಅಂತ ನಾಲಗೆಯ ತುದಿಗೆ ಬಂತು. ಬಣ್ಣ ಹೋಗಿದೆಯಮ್ಮ, ಇನ್ನು ನೋಡಿ ಪ್ರಯೋಜನವಿಲ್ಲ. ಅಷ್ಟರಲ್ಲಿ ತಮ್ಮ ಫ್ರೇಮನ್ನು ಗೋಡೆಯಿಂದ ಇಳಿಸಿದ. ಅವನೂ ನಾನೂ ಅದನ್ನು ಹೊತ್ತು, ಹೆಜ್ಜೆ ಹೆಜ್ಜೆಗೂ ಬೈದುಕೊಳ್ಳುತ್ತ, ಮೆಟ್ಟಿಲಿಳಿದು ಅಪಾರ್ಟ್‌ಮೆಂಟ್ ಸೊಸೈಟಿಯ ಅಂಗಳಕ್ಕೆ ತಂದೆವು. ಅಲ್ಲಿ ನವರಾತ್ರಿಯ ಮಂಟಪಕ್ಕೆ ಕಟ್ಟಿದ ಬಿದಿರು ಇನ್ನೂ ಬಿಚ್ಚಿರಲಿಲ್ಲ. ಎರಡು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಫ್ರೇಮನ್ನು ಗೋಡೆಗೆ ಒರಗಿಸಿದೆವು. ಅದರ ಮೇಲೆ ಅಡ್ಡ ಬಿದಿರಿಗೆ ಬಟ್ಟೆ ಕ್ಲಿಪ್ಪು ಹಾಕಿ ನನ್ನ ಹಾಳೆಯನ್ನು ಇಳಿಬಿಟ್ಟೆವು. ಅಂಚಿಗೆ ಅಂಚು ಕೂಡಿತು. ಕತ್ತಲ ಕಪಾಟಿನಲ್ಲಿದ್ದ ನನ್ನ ಹೆಂಗಸಿನ ಮುಖದಲ್ಲಿ ರಕ್ತ ತುಂಬಿತ್ತು. ಕತ್ತಿನ ಕೆಳಗೆ ಅವಳು ಬೂದಿಯಾಗಿದ್ದಳು. ಇಷ್ಟು ವಿಕಾರವಾದ ಜೋಡಣೆಯನ್ನು ನಾನು ಕಂಡಿಲ್ಲ.

“ಮಮ್ಮಿ, ಅಹೀಂ ಬೇಸೋ” ಅಂತ ತಮ್ಮನ ಹೆಂಡತಿ ಅಮ್ಮನಿಗೆ ಕುರ್ಚಿ ಹಾಕಿದಳು. ಅಲ್ಲಿಂದ ಸಾಲಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಸರಿಸಿದೆವು, ಮತ್ತೆ ಸರಿಸಿದೆವು, ಸ್ಕೂಟರುಗಳ ಸಾಲಿನವರೆಗೆ ಹೋದೆವು.

“ಹಾಂ. ಮುಖ ಬಂತು” ಅಂದಳು ಅಮ್ಮ. “ಎಂಥಾ ಚೆನ್ನಾಗಿದಾಳೆ. ಭುಜ ಬಂತು. ಕೆಳಗೇನೋ ಬೆಳ್ಳಗೆ ಹೊಳೀತಿದೆ. ಕೈ ಎಲ್ಲೇ?”

ಗಾಜಿಗೆ ಆಕಾಶದ ಬೆಳಕು ಬಿದ್ದಿತ್ತು. ಆ ಮಸುಕು ನೀಲಿ ಅವಳ ಕಣ್ಣಿಗೆ ಸಿಗುವುದು ಸಾಧ್ಯವೇ ಇರಲಿಲ್ಲ.

“ಕೈ ಎಲ್ಲಿ ಅಂದ್ನಲ್ಲ. ಇಲ್ವಾ? ಹಾಕ್ಲೇ ಇಲ್ವಾ ಅವನು?” ಅವಳ ಸ್ವರ ಕುಸಿಯುತ್ತ ಬಂತು. ನಾನು ಅವಳ ಹೆಗಲು ಹಿಡಿದು ನಿಂತಿದ್ದೆ.

ತಮ್ಮ ಓಡಿದ. ಫ್ರೇಮಿನ ಕೆಳಗೆ ನೆಲದ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಎರಡೂ ತೋಳು ಮೇಲೆತ್ತಿ, ಗಾಜಿನ ಮೇಲೆ ಆ ಕೈಗಳಿದ್ದ ಜಾಗದಲ್ಲೇ ತನ್ನ ಕೈಗಳನ್ನಿಟ್ಟ. “ಇಲ್ಲಿ ಅಮ್ಮ, ಇಲ್ಲಿದೆ” ಅಂತ ಜಾಗ ತೋರಿಸಲು ಕೂಗಬೇಕೆಂದಿದ್ದನಂತೆ. ಅಷ್ಟರಲ್ಲಿ ಅಮ್ಮ ಕುರ್ಚಿಯಿಂದ ಅರ್ಧ ಎದ್ದಳು.

“ಬಂತು! ಬಂತು ಕಣೇ, ಎರಡೂ ಕೈ!”

ಅವಳಿಗೆ ಉಳಿದಿದ್ದ ಆ ಚಿಕ್ಕ ವೃತ್ತದಲ್ಲಿ ಮುಖವಿತ್ತು, ಕೈಗಳಿದ್ದವು. ಅದರ ಕೆಳಗೆ ಕೂತಿದ್ದ ಮಗನ ತಲೆ, ಬೆನ್ನು ಅವಳ ಪಾಲಿಗೆ ಇರಲೇ ಇಲ್ಲ. ನಮ್ಮಿಬ್ಬರಲ್ಲಿ ಅಮ್ಮನ ಬಣ್ಣ ಬಂದದ್ದು ಅವನಿಗೆ.

“ಕಪ್ಪೇ ಬರ್ದಿದಾನೆ ನೋಡೇ” ಅಂದಳು. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. “ಅಷ್ಟು ಬೆಳ್ಳಗಿರೋ ಮುಖಕ್ಕೆ ನನ್ನ ಬಣ್ಣಾನೇ ಇಟ್ಟಿದಾನೆ. ಒಂಚೂರೂ ಬದಲಾಯಿಸಿಲ್ಲ. ನಿಮ್ಮಪ್ಪ ಸುಮ್ಸುಮ್ನೆ ಹೇಳ್ತಿದ್ರು, ನೋಡಿದ್ಯಾ?”

“ನೋಡಿದೆ ಅಮ್ಮ” ಅಂದೆ.

ಆ ಮನುಷ್ಯ ಯಾವ ಬಣ್ಣ ಹಚ್ಚಿದ್ದನೋ ನನಗೆ ಗೊತ್ತಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ತಮ್ಮ ತಿರುಗಿ ನನ್ನತ್ತ ನೋಡಿದ. ಅಮ್ಮನ ಮಾತು ಅವನಿಗೂ ಕೇಳಿಸಿತ್ತು. ತೋಳುಗಳು ಆಗಲೇ ನಡುಗಲು ಶುರುವಾಗಿದ್ದವು. ಬೇಡ, ತೆಗೀಬೇಡ ಅಂತ ನಾನು ತಲೆಯಾಡಿಸಿದೆ.

“ಅವಸರ ಇಲ್ಲ ತಾನೇ?” ಅಂದಳು ಅಮ್ಮ. “ಇನ್ನೊಂದು ಸ್ವಲ್ಪ ಹೊತ್ತು ನೋಡ್ತೀನಿ.”

ನೋಡಮ್ಮ ಅಂದೆ. ಬಿಸಿಲು ಗೋಡೆಯ ಕಡೆ ಬರುತ್ತಿತ್ತು. ತಮ್ಮ ಹಣೆಯನ್ನು ಫ್ರೇಮಿನ ಅಂಚಿಗೆ ಒತ್ತಿಕೊಂಡು ಕೈಗಳನ್ನು ಗಾಜಿನ ಮೇಲೆ ಹಾಗೇ ಹಿಡಿದಿದ್ದ.